ಜಮಾಲ್ ಸಾಬನ ಲಿವರಿನ ನೀಲಿ

ಮುಸರತ ಹಗರಿಬೊಮ್ಮನಹಳ್ಳಿಯಿಂದ ಹೊಸಪೇಟೆಗೆ ದಿನಾ ಹೋಗಿಬರುತ್ತಾಳೆ. ಅಲ್ಲಿನ ಒಂದು ಲ್ಯಾಬಿನಲ್ಲಿ ಅವಳ ಕೆಲಸ. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಾಳೆ.

ಗಂಡ ಮುನಾವರ ತೀರಿಕೊಂಡು, ವಿಧವೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಅವಳು ಮತ್ತೆ ಕೆಲಸಕ್ಕೆ ಹೊರಟಳು. ಭಾವ ಜಮಾಲ್ ಸಾಬ್ ಬಾಗಿಲಿಗೆ ಅಡ್ಡ ನಿಂತ.

"ಯಾರ್ಯಾರದೋ ಮೈಯಿಂದ ಕೊಯ್ದ ತುಂಡು ಮುಟ್ಟೋ ಕೈಲೆ ನಮ್ಮ ಮನ್ಯಾಗ ಅಡಿಗಿ ಮಾಡಬ್ಯಾಡ. ಕೆಲಸ ಬೇಕಂದ್ರ ಅಲ್ಲೇ ಇರು."

ಮುಸರತ ಟ್ರಂಕು ಎತ್ತಿಕೊಂಡು ಹೊರಬಿದ್ದಳು. ಅದೇ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಕೋಣೆ ಹಿಡಿದಳು. ಅವಳು ದಿನಾ ರೈಲು ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಜಮಾಲ್ ಸಾಬನ ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಅವಳನ್ನು ಕಂಡರೆ ಅವನು ಉಗುಳುತ್ತಿದ್ದ. ಬೇರೆ ದಾರಿ ಇದ್ದರೂ ಅವಳು ಬೇಕೆಂದೇ ಅಂಗಡಿ ಮುಂದೆ ನಿಧಾನವಾಗಿ ನಡೆಯುತ್ತಿದ್ದಳು.

ಹೋದ ವರ್ಷ, ಸೂಜಿಯಿಂದ ತೆಗೆದ ಲಿವರಿನ ಎಳೆಯೊಂದು ಅವಳ ಮೇಜಿಗೆ ಬಂತು. ಡಬ್ಬಿಯ ಮೇಲಿದ್ದದ್ದು ಜಮಾಲ್ ಸಾಬನ ಹೆಸರು. ಲ್ಯಾಬಿನ ಡಾಕ್ಟರಮ್ಮ ಟ್ರೈಕ್ರೋಮ್ ಬಣ್ಣ ಹಾಕಲು ಹೇಳಿದ್ದರು. ಅದರಲ್ಲಿ ಜೀವಕೋಶ ಕೆಂಪಾಗುತ್ತದೆ, ಅದರ ನಡುವಿನ ಕಾಳಿನಂಥ ಕೇಂದ್ರ ಕಪ್ಪಾಗುತ್ತದೆ, ಗಾಯ ಮಾಗಿ ಗಟ್ಟಿಯಾದ ನಾರು ನೀಲಿಯಾಗುತ್ತದೆ. ನೀಲಿ ಹೆಚ್ಚಿದಷ್ಟೂ ಲಿವರ್ ಕೆಟ್ಟಿದೆ ಎಂದೇ ಅರ್ಥ.

ಮೊದಲ ಸಲ ಎಲ್ಲ ಕೆಂಪಾಗಿಯೇ ಬಂತು. ತಾಳೆ ನೋಡಲು ಜೊತೆಗೆ ಹಾಕಿದ್ದ, ನೀಲಿ ಬರಲೇಬೇಕಾದ ಬೇರೆ ಚೂರಿನ ಗಾಜಿನಲ್ಲೂ ಅದು ಇರಲಿಲ್ಲ. ನಾರಿನಿಂದ ಕೆಂಪನ್ನು ಬಿಡಿಸುವ ಆಸಿಡ್ ಹಳತಾಗಿತ್ತು. ಹೊಸದು ಕಲಸಿ, ಇನ್ನೊಂದು ಚೂರು ಕೊಯ್ದು ಮತ್ತೆ ಹಾಕಿದಳು. ಯಾರ ಚೂರಾದರೂ ಹಾಗೇ ಮಾಡುತ್ತಿದ್ದಳು. ಆದರೆ ಈ ಸಲ ಗಾಜು ಅದ್ದಿ ನಿಂತಾಗ ಮನಸ್ಸು ಒಂದನ್ನೇ ಬೇಡುತ್ತಿತ್ತು: ನೀಲಿ ಬರಲಿ, ತುಂಬ ಬರಲಿ.

ಬಂತು. ಕೆಂಪು ಗುಡ್ಡೆಗಳನ್ನು ಸುತ್ತಿಕೊಂಡ ದಪ್ಪ ನೀಲಿ ಪಟ್ಟಿಗಳು. ಮೈಕ್ರೋಸ್ಕೋಪಿನಿಂದ ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

ಡಾಕ್ಟರಮ್ಮ ಸಿರೋಸಿಸ್, ಅಂದರೆ ಲಿವರ್ ನಾರುಗಟ್ಟಿದೆ ಎಂದು ಬರೆದರು. ಸುದ್ದಿ ಹೇಗೋ ಊರಿಗೆ ಹಬ್ಬಿ, ಅದು ಕುಡುಕರ ರೋಗ, ಇವನು ಕದ್ದು ಕುಡಿಯುತ್ತಾನೆ ಎಂದು ಜನ ಆಡಿಕೊಂಡರು. ಜಮಾಲ್ ಸಾಬ್ ಜನ್ಮದಲ್ಲಿ ಹನಿ ಮುಟ್ಟಿದವನಲ್ಲ. ಲ್ಯಾಬಿಗೆ ಬಂದವನು ಮುಸರತಳನ್ನು ಕಂಡು ಕೆಂಡವಾದ.

"ನೀನ ಬಣ್ಣ ಹಚ್ಚಿ ಇಲ್ಲದ ರೋಗ ತಂದಿಟ್ಟೀದಿ. ನನ್ನ ಮ್ಯಾಲಿನ ಸಿಟ್ಟು ತೀರಿಸಿಕೊಂಡಿ."

"ಸಿಟ್ಟು ಐತಿ. ಬಣ್ಣಕ್ಕ ಅದು ಗೊತ್ತಿಲ್ಲ. ಬ್ಯಾರೆ ಕಡೆ ತೋರಿಸ್ರಿ."

ಅವನ ಚೂರು ಕೂರಿಸಿದ್ದ ಮೇಣದ ತುಂಡನ್ನು ದಾವಣಗೆರೆಯ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಹೊಸದಾಗಿ ಕೊಯ್ದು ಬಣ್ಣ ಹಾಕಿದಾಗಲೂ ಅದೇ ನೀಲಿ. ಸಕ್ಕರೆ ಕಾಯಿಲೆಯಿಂದ, ಕೊಬ್ಬಿನಿಂದಲೂ ಲಿವರ್ ಹೀಗಾಗುತ್ತದೆ ಎಂದು ಅಲ್ಲಿನ ಡಾಕ್ಟರು ಅವನನ್ನು ಕರೆಸಿ ತಿಳಿಸಿ ಹೇಳಿ ಔಷಧಿ ಶುರು ಮಾಡಿದರು. ಜಮಾಲ್ ಸಾಬ್ ಮಾತ್ರ ಅಂಗಡಿಗೆ ಬಂದವರಿಗೆಲ್ಲ, ತಮ್ಮನ ಹೆಂಡತಿಯ ಶಾಪ ತಟ್ಟಿತು ಎನ್ನುತ್ತಾನೆ.

ಒಂದು ಮಧ್ಯಾಹ್ನ ಅವನ ಹೆಂಡತಿ ನಿಶಾತ ಮುಸರತಳ ಕೋಣೆಗೆ ಬಂದಳು.

"ಅವರು ಬಾಳ ಇಳಿದು ಹೋಗ್ಯಾರ. ಒಂದ್ಸಲ ಬಂದು ಮಾತಾಡ್ಸಿ ಹೋಗು."

"ಅವರೇ ಕಳಿಸಿದ್ರೇನು, ಆಪಾ?"

"ಇಲ್ಲ, ನಾನ ಬಂದೀನಿ," ಎಂದಳು ನಿಶಾತ.

"ಹಂಗಾರ ನಾ ಬರಂಗಿಲ್ಲ. ಕಳಿಸಿದ್ರೂ ಬರಂಗಿಲ್ಲ," ಎಂದು ಮುಸರತ ಬಾಗಿಲು ಹಾಕಿಕೊಂಡಳು.