ಅಳಿಸಿದ ಫೈಲು, ತುಂಬಿಯೇ ಇದ್ದ ಡಿಸ್ಕು

ಅದು ಎರಡು ಸಾವಿರದ ಮೂರೋ ನಾಲ್ಕೋ. ಮೇ ತಿಂಗಳು ಎನ್ನುವುದು ಮಾತ್ರ ಖಚಿತ, ಯಾಕೆಂದರೆ ಕಾಲೇಜಿನಲ್ಲಿ ಪ್ರವೇಶದ ಅರ್ಜಿಗಳು ಶುರುವಾಗಿದ್ದವು. ಉಳಿದ ವಿವರಗಳನ್ನು ಇಪ್ಪತ್ತು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಹೇಳಿದಷ್ಟು ಸಲವೂ ಅವು ಸ್ವಲ್ಪ ಸ್ವಲ್ಪ ನನ್ನ ಕಡೆಗೆ ವಾಲಿವೆ ಎಂಬ ಗುಮಾನಿ ನನಗೇ ಉಂಟು. ಹಾಗಾಗಿ ಈ ಸಲ ನನಗೆ ಅನುಕೂಲವಲ್ಲದ ಸಂಗತಿಯನ್ನು ಮೊದಲೇ ಬರೆದುಬಿಡುತ್ತೇನೆ: ಆ ಫೈಲನ್ನು ಅಳಿಸಿದವನು ನಾನೇ.

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಲಿನಕ್ಸ್ ಕಲಿಯಲು ಹತ್ತು ದಿನದ ತರಬೇತಿಗೆ ಹೋಗಿಬಂದ ತಪ್ಪಿಗೆ ಕಾಲೇಜಿನ ಸರ್ವರ್ ನನ್ನ ತಲೆಗೆ ಬಿದ್ದಿತ್ತು. ಇಡೀ ಕಾಲೇಜಿಗೆ ಇದ್ದದ್ದು ಅದೊಂದೇ. ಆಫೀಸಿನವರ ದಾಖಲೆ, ಮಕ್ಕಳ ಪ್ರಾಜೆಕ್ಟು, ಎಲ್ಲವೂ ಅದರ ಇಪ್ಪತ್ತು ಜಿಬಿ ಡಿಸ್ಕಿನೊಳಗೆ. ಆ ದಿನ ಬೆಳಿಗ್ಗೆ ಬಂಟ್ವಾಳದಿಂದ ಬಸ್ಸಿಳಿದು ಬಂದವನನ್ನು ಪ್ರಿನ್ಸಿಪಾಲರು ಗೇಟಿನಲ್ಲೇ ಹಿಡಿದರು.

"ಅರ್ಜಿ ಸೇವ್ ಆಗ್ತಾ ಇಲ್ಲ. ಡಿಸ್ಕಲ್ಲಿ ಜಾಗ ಇಲ್ಲ ಅಂತ ಬರ್ತದೆ. ಹೊರಗೆ ನೋಡಿ, ನಾರಾವಿಯಿಂದೆಲ್ಲ ಜನ ಬಂದು ಕೂತಿದ್ದಾರೆ."

ನೋಡಿದೆ. ಡಿಸ್ಕು ಶೇಕಡಾ ನೂರು ತುಂಬಿತ್ತು. ದೊಡ್ಡ ಫೈಲು ಯಾವುದೆಂದು ಹನ್ನೊಂದೂವರೆಯ ತನಕ ಹುಡುಕಿದ ಮೇಲೆ, ಯಾವುದೋ ಮೂಲೆಯ ಫೋಲ್ಡರಿನಲ್ಲಿ ಆರು ಜಿಬಿಯ ಒಂದು ಸಿಕ್ಕಿತು. ಹೆಸರು ಬರೀ ಎರಡಕ್ಷರ. ಯಾರೋ ಹುಡುಗರು ಸಿನಿಮಾ ತುಂಬಿಸಿಟ್ಟಿದ್ದಾರೆ ಎಂದುಕೊಂಡೆ. ಎಲ್ಲವನ್ನೂ ಅನುಮಾನಿಸುತ್ತೇನೆ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡುವವನು ಆ ಊಹೆಯನ್ನು ಮಾತ್ರ ಅನುಮಾನಿಸಲಿಲ್ಲ. ಅಳಿಸಿದೆ.

ಮತ್ತೆ ನೋಡಿದೆ. ಶೇಕಡಾ ನೂರು.

ಫೈಲು ಪಟ್ಟಿಯಲ್ಲಿ ಇರಲಿಲ್ಲ. ಇದ್ದ ಫೈಲುಗಳನ್ನೆಲ್ಲ ಕೂಡಿಸಿದರೆ ಹದಿನಾಲ್ಕು ಜಿಬಿ ಆಗುತ್ತಿತ್ತು. ಡಿಸ್ಕು ಮಾತ್ರ ಇಪ್ಪತ್ತೂ ತುಂಬಿದೆ ಎನ್ನುತ್ತಿತ್ತು. ಕಾಗದದಲ್ಲಿ ಬರೆದು ಎರಡು ಸಲ ಕೂಡಿಸಿದೆ. ಗಣಿತದವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

"ಆಫ್ ಮಾಡಿ ಆನ್ ಮಾಡಿ ಮಾರಾಯ್ರೆ," ಎಂದರು ಪ್ರಿನ್ಸಿಪಾಲರು. "ನಮ್ಮ ಮನೆಯ ಟಿವಿಗೂ ಅದೇ ಮದ್ದು."

ನನಗೂ ಅದೇ ತೋಚಿತ್ತು. ಆಫೀಸಿನವರು ತೆರೆದಿಟ್ಟದ್ದನ್ನೆಲ್ಲ ಮುಚ್ಚಲು ಐದು ನಿಮಿಷ ಕೇಳಿದರು. ಪ್ರಿನ್ಸಿಪಾಲರು ಹೊರಗೆ ಕೂತವರನ್ನು ಸಮಾಧಾನ ಮಾಡಲು ಹೋದರು. ಆ ಐದು ನಿಮಿಷದಲ್ಲಿ ಭೌತಶಾಸ್ತ್ರದ ಮೇಡಂ ಒಳಗೆ ಬಂದರು. ಬೆಳ್ತಂಗಡಿಯ ಹತ್ತಿರ ಲಾಯಿಲದವರು, ಪಿಎಚ್‌ಡಿ ಮಾಡುತ್ತಿದ್ದರು. ದಿನಾ ಒಮ್ಮೆ ಬಂದು ಸರ್ವರ್ ಮುಂದೆ ಕೂತು ಏನೋ ನೋಡಿ ಹೋಗುತ್ತಿದ್ದರು. ಏನು ಎಂದು ನಾನು ಕೇಳಿರಲಿಲ್ಲ. ಆ ದಿನವೂ ಕೂತರು. ಎರಡು ಸಲ ಟೈಪ್ ಮಾಡಿದರು. ತಿರುಗಿ ನನ್ನನ್ನು ನೋಡಿದರು.

"ನನ್ನ ಫೈಲ್ ಎಲ್ಲಿ?"

ವಿಷಯ ಇಷ್ಟು. ಬೇಸಿಗೆಯ ಗುಡುಗು ಮಳೆ ಬರುವಾಗ ಗಾಳಿಯಲ್ಲಿ ವಿದ್ಯುತ್ತು ಹೇಗೆ ಏರಿಳಿಯುತ್ತದೆ ಎನ್ನುವುದು ಅವರ ಸಂಶೋಧನೆ. ತಾರಸಿಯ ಮೇಲೆ ಉಪಕರಣ ಇಟ್ಟಿದ್ದರು. ಅದರ ವಯರು ಕಿಟಕಿಯಿಂದ ಇಳಿದು ಸರ್ವರಿಗೆ ಬರುತ್ತಿತ್ತು. ಆ ವಯರನ್ನು ನಾನು ದಿನಾ ನೋಡುತ್ತಿದ್ದೆ, ಕೇಬಲ್ ಟಿವಿಯದ್ದೆಂದು ತಿಳಿದಿದ್ದೆ. ಮಾರ್ಚಿನಿಂದ ಹಗಲೂ ಇರುಳೂ ಅಳತೆಗಳು ಒಂದೇ ಫೈಲಿಗೆ ಬಂದು ಸೇರುತ್ತಿದ್ದವು.

"ನಿಮಗೆ ಹೇಳಿದ್ದೆ. ಬಸ್ ಸ್ಟ್ಯಾಂಡಲ್ಲಿ."

"ಹೇಳಲಿಲ್ಲ ಮೇಡಂ."

"ಹೇಳಿದ್ದೇನೆ. ನೀವು ಕಡಲೆ ತಿಂತಾ ಇದ್ರಿ."

ಕಡಲೆ ತಿಂದದ್ದು ನೆನಪಿತ್ತು. ಮಾತು ನೆನಪಿರಲಿಲ್ಲ. ಇವತ್ತಿಗೂ ಇಲ್ಲ.

ಅವರು ಅಳಲಿಲ್ಲ, ಕೂಗಲಿಲ್ಲ. ಈ ವರ್ಷದ ಗುಡುಗು ಮುಗಿಯುತ್ತಾ ಬಂತು, ನೋಂದಣಿಯ ಅವಧಿ ವಿಸ್ತರಿಸಿದ್ದು ಇದು ಕೊನೆಯ ಸಲ, ಮುಂದಿನ ಬೇಸಿಗೆಯ ತನಕ ಕಾಯಲು ವಿಶ್ವವಿದ್ಯಾಲಯ ಬಿಡುವುದಿಲ್ಲ ಎಂದು ಪಾಠ ಹೇಳಿದ ಹಾಗೆ ಹೇಳಿದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಾಗಿಲಿನ ಹತ್ತಿರ ಸ್ಟೂಲಿನಲ್ಲಿ ನಮ್ಮ ಲ್ಯಾಬಿನ ಅಟೆಂಡರ್ ಕೂತಿದ್ದರು. ಬಂಟ್ವಾಳದ ಹಿರಿಯ ಬ್ಯಾರಿ, ನಿವೃತ್ತಿಗೆ ಹತ್ತಿರವಾಗಿದ್ದವರು, ಇಡೀ ಕಾಲೇಜಿಗೆ ಕಾಕ. ನಾನೂ ಅವರೂ ದಿನಾ ಸಿದ್ದಕಟ್ಟೆ ಊರಿನ ಮೂಲಕ ಬರುವ ಒಂದೇ ಬಸ್ಸಿನವರು.

"ಅಲ್ಲ ಸಾರ್, ಅಳಿಸಿದ್ರೆ ಜಾಗ ಬರ್ಬೇಕಲ್ಲ?"

"ಬರಬೇಕು ಕಾಕ. ಬರಲಿಲ್ಲ."

"ಹಾಗಾದ್ರೆ ಟವೆಲ್ ಉಂಟು."

"ಎಂಥ ಟವೆಲ್?"

"ನಮ್ಮ ಬಸ್ಸಲ್ಲಿ ನೋಡುವುದಿಲ್ವಾ? ಸೀಟಲ್ಲಿ ಜನ ಕಾಣುವುದಿಲ್ಲ. ಟವೆಲ್ ಉಂಟು. ನಮಗೆ ಕೂರ್ಲಿಕ್ಕೆ ಆಗ್ತದಾ? ಟವೆಲ್ ಹಾಕಿದವ ಅಲ್ಲೇ ಎಲ್ಲೋ ಚಾ ಕುಡೀತಾ ಇರ್ತಾನೆ."

ಮೇಡಂ ಸಿಟ್ಟಿನಿಂದ ಅವರ ಕಡೆ ನೋಡಿದರು. ನನ್ನ ಕೈ ಕೀಬೋರ್ಡಿನ ಮೇಲೆ ನಿಂತಿತು. ತರಬೇತಿಯ ಯಾವುದೋ ಮಧ್ಯಾಹ್ನ, ಊಟದ ನಂತರದ ತೂಕಡಿಕೆಯಲ್ಲಿ, ಕಲಿಸುವವರು ಹೇಳಿದ್ದರು: ಒಂದು ಫೈಲನ್ನು ಯಾವುದಾದರೂ ಪ್ರೋಗ್ರಾಂ ಇನ್ನೂ ತೆರೆದು ಹಿಡಿದಿದ್ದರೆ, ಅಳಿಸಿದಾಗ ಹೋಗುವುದು ಅದರ ಹೆಸರು ಮಾತ್ರ. ಒಳಗಿನದ್ದು ಡಿಸ್ಕಿನಲ್ಲೇ ಇರುತ್ತದೆ, ಹಿಡಿದವರು ಬಿಡುವ ತನಕ.

"ಮೇಡಂ, ನಿಮ್ಮ ಪ್ರೋಗ್ರಾಂ ನಿಲ್ಲಿಸಿದ್ದೀರಾ?"

"ಯಾವಾಗ ನಿಲ್ಲಿಸುವುದು? ಈಗ ಬಂದದ್ದಲ್ವಾ ನಾನು?"

ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೆಗೆದೆ. ಇತ್ತು. ಮಾರ್ಚಿನಲ್ಲಿ ಶುರುವಾದದ್ದು ನಿಂತಿರಲೇ ಇಲ್ಲ. ಅದು ಹಿಡಿದುಕೊಂಡ ಫೈಲುಗಳನ್ನು ತೋರಿಸು ಎಂದೆ. ಒಂದು ಸಾಲು ಬಂತು. ಎರಡಕ್ಷರದ ಹೆಸರು, ಪಕ್ಕದಲ್ಲಿ ಅಳಿಸಲಾಗಿದೆ ಎಂಬ ಗುರುತು, ಗಾತ್ರ ಆರು ಜಿಬಿ. ಸರ್ವರ್ ಆಫ್ ಮಾಡಿದ್ದರೆ ಆ ಹಿಡಿತವೂ ಬಿಟ್ಟುಹೋಗುತ್ತಿತ್ತು.

ಇದನ್ನು ಕಂಡುಹಿಡಿದವನು ನಾನೇ ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದ್ದೇನೆ. ಕಾಕ ತಮ್ಮ ಬೀಳ್ಕೊಡುಗೆಯ ದಿನ ತಾವೇ ಎಂದರು. ಪ್ರೋಗ್ರಾಂ ಓಡ್ತಾ ಉಂಟಾ ಎಂದು ಮೊದಲು ಕೇಳಿದ್ದು ತಾನು ಎನ್ನುತ್ತಾರೆ ಮೇಡಂ. ಮೂವರಲ್ಲಿ ಇಬ್ಬರ ನೆನಪು ತಪ್ಪಿರಬೇಕು, ಮೂವರದ್ದೂ ತಪ್ಪಿರಬಹುದು.

ಆ ಹೊತ್ತಿಗೆ ಪ್ರಿನ್ಸಿಪಾಲರು ವಾಪಸು ಬಂದು ನೇರ ಸ್ವಿಚ್ಚಿನ ಕಡೆಗೆ ನಡೆದರು. ಮೇಡಂ ಹೋಗಿ ಸ್ವಿಚ್‌ಬೋರ್ಡಿಗೆ ಬೆನ್ನು ಕೊಟ್ಟು ನಿಂತರು.

"ಸಾರ್, ಇದು ಆಫ್ ಆದ್ರೆ ನನ್ನ ಪಿಎಚ್‌ಡಿ ಆಫ್."

"ಮತ್ತೆ ನನ್ನ ಅಡ್ಮಿಶನ್?"

"ಎರಡು ಗಂಟೆ ಕಾಗದದಲ್ಲಿ ಬರ್ಕೊಳ್ಳಲಿ ಸಾರ್. ಹೋದ ವರ್ಷದ ತನಕ ಹಾಗೇ ಅಲ್ವಾ ಮಾಡಿದ್ದು?"

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ಗ್ಯಾರಂಟಿಯಾ ಎಂದು ಕೇಳಿದರು. ಜೀವನದಲ್ಲಿ ಯಾವುದಕ್ಕೂ ಗ್ಯಾರಂಟಿ ಕೊಡದ ನಾನು ಹೌದು ಎಂದೆ.

ತುಂಬಿದ ಡಿಸ್ಕಿನಲ್ಲಿ ಪ್ರತಿ ಇಡಲು ಜಾಗ ಎಲ್ಲಿ? ಲ್ಯಾಬಿನ ಒಂದು ಹೊಸ ಕಂಪ್ಯೂಟರಿಗೆ ವಯರಿನ ಮೂಲಕ ಕಳಿಸಲು ಹಚ್ಚಿದೆ. ಲೆಕ್ಕ ಹಾಕಿದರೆ ಸುಮಾರು ನೂರು ನಿಮಿಷ. ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತೈದು. ಎರಡು ಗಂಟೆಗೆ ಸರಿಯಾಗಿ ಮೂಡುಬಿದಿರೆಯಲ್ಲಿ ಕರೆಂಟು ತೆಗೆಯುವ ಸಮಯ. ನಮ್ಮ ಯುಪಿಎಸ್ಸಿನ ಬ್ಯಾಟರಿಯೋ, ಫ್ಯಾನು ತಿರುಗಿದರೂ ನರಳುವಂಥದ್ದು.

ಕಾಕ ಎದ್ದು ಆಫೀಸಿನ ಫೋನಿಗೆ ಹೋದರು. ಪವರ್ ಹೌಸಿನಲ್ಲಿ ಅವರ ಭಾವ ಇದ್ದರು. ಬ್ಯಾರಿ ಭಾಷೆಯಲ್ಲಿ ಮೊದಲು ಕುಶಲ ವಿಚಾರಿಸಿದರು, ಆಮೇಲೆ ಜೋರು ಮಾಡಿದರು, ಕೊನೆಗೆ ನಗುತ್ತಾ ಬಂದರು.

"ಎರಡೂವರೆಗೆ ತೆಗೀತಾನಂತೆ. ನಮ್ಮ ಕಾಲೇಜಲ್ಲಿ ಸಿಡಿಲು ಪೆಟ್ಟಿಗೆಯಲ್ಲಿ ಹಾಕಿ ಇಟ್ಟಿದ್ದಾರೆ, ನೀನು ಕರೆಂಟ್ ತೆಗೆದ್ರೆ ಅದು ಹೊರಗೆ ಬರ್ತದೆ ಅಂತ ಹೇಳಿದೆ."

ಮೇಡಂ ಆ ದಿನ ಮೊದಲ ಸಲ ನಕ್ಕರು. ಊಟಕ್ಕೆ ಯಾರೂ ಎದ್ದು ಹೋಗಲಿಲ್ಲ.

ಎರಡೂ ಹತ್ತಕ್ಕೆ ಮುಗಿಯಿತು. ಎರಡೂ ಕಡೆಯ ಗಾತ್ರವನ್ನು ಕೊನೆಯ ಅಂಕಿಯ ತನಕ ಓದಿ ತಾಳೆ ನೋಡಿದೆವು, ನಾನು ಇಲ್ಲಿಂದ, ಮೇಡಂ ಆಚೆ ಕೋಣೆಯಿಂದ ಕೂಗಿ. ಸರಿ ಇತ್ತು. ಆಮೇಲೆ ಅವರೇ ಬಂದು ತಮ್ಮ ಪ್ರೋಗ್ರಾಂ ನಿಲ್ಲಿಸಿದರು. ಕೂಡಲೇ ನೋಡಿದೆ: ನೂರು ಇದ್ದದ್ದು ಎಪ್ಪತ್ತಕ್ಕೆ ಇಳಿದಿತ್ತು. ನಾನು ಮೇಜಿಗೆ ಎಷ್ಟು ಜೋರಾಗಿ ಗುದ್ದಿದೆನೆಂದರೆ ಆಫೀಸಿನವರು ಓಡಿ ಬಂದರು. ಬಂದವರಿಗೆ ಅರ್ಜಿ ಸೇವ್ ಮಾಡಿ ನೋಡಿ ಎಂದೆ. ಆಯಿತು. ಪ್ರಿನ್ಸಿಪಾಲರು ಕ್ಯಾಂಟೀನಿಗೆ ಹೇಳಿ ಎಲ್ಲರಿಗೂ ಗೋಳಿಬಜೆ ತರಿಸಿದರು.

"ಕಳೆದದ್ದೂ ನೀವೇ, ಹುಡುಕಿದ್ದೂ ನೀವೇ," ಎಂದರು ಮೇಡಂ, ಬಜೆ ಮುರಿಯುತ್ತಾ. "ಥೀಸಿಸ್‌ನಲ್ಲಿ ಕೃತಜ್ಞತೆ ಬರೆಯುವುದಾ ಬೇಡವಾ ಅಂತ ಯೋಚನೆ ಮಾಡ್ತಾ ಇದ್ದೇನೆ."

ಕರೆಂಟು ಹೋಗಿ ಬಂದ ಮೇಲೆ ಅವರು ಅಳತೆಗಳನ್ನು ಗ್ರಾಫಿಗೆ ಹಾಕಿದರು. ಮಾರ್ಚಿನಿಂದ ಸಮತಟ್ಟಾಗಿ ಬಂದ ಗೆರೆ ಏಪ್ರಿಲಿನಲ್ಲಿ ಅಲ್ಲಲ್ಲಿ ಗೂಟದ ಹಾಗೆ ಎದ್ದು ನಿಂತಿತ್ತು. ಎಲ್ಲಕ್ಕಿಂತ ಎತ್ತರದ್ದು ಕ್ಯಾಂಟೀನಿನ ಹಿಂದಿನ ತೆಂಗಿನಮರಕ್ಕೆ ಸಿಡಿಲು ಬಡಿದ ದಿನದ್ದು. ಆ ದಿನ ನಾವೆಲ್ಲ ಅಲ್ಲೇ ಇದ್ದೆವು.

"ರಾತ್ರಿ ಏಳು ಗಂಟೆ," ಎಂದೆ. "ಪೂರ್ತಿ ಕತ್ತಲೆ ಇತ್ತು."

"ಎಂಥ ರಾತ್ರಿ ಸಾರ್! ಮಸೀದಿಯಲ್ಲಿ ಅಸರ್ ಬಾಂಗ್ ಆಗ್ತಾ ಇತ್ತು, ಸಂಜೆ ನಾಲ್ಕರದ್ದು," ಎಂದರು ಕಾಕ. "ಮೋಡಕ್ಕೆ ಕತ್ತಲೆ ಆದದ್ದು."

ಮೇಡಂ ಗೆರೆಯನ್ನು ಹಿಗ್ಗಿಸಿದರು. ನಾಲ್ಕು ಗಂಟೆ, ಎರಡು ನಿಮಿಷ.

ಕಾಕ ನನ್ನ ತಟ್ಟೆಯ ಕೊನೆಯ ಗೋಳಿಬಜೆ ಎತ್ತಿಕೊಂಡರು. ಸೋತದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಮೂರು ತಾಸಿನ ಹಿಂದೆ ಆ ಗೆರೆ ಎಲ್ಲಿಯೂ ಇರಲಿಲ್ಲ. ಈಗ ಎದುರಿಗೆ ನಿಂತು ನಾನು ತಪ್ಪು ಎನ್ನುತ್ತಿತ್ತು. ಮೇಡಂ ನೋಟ್‌ಬುಕ್ ಬಿಡಿಸಿ, ಆ ದಿನ ಮೋಡ ಯಾವ ದಿಕ್ಕಿನಿಂದ ಬಂತು, ಮಳೆ ಮೊದಲೋ ಸಿಡಿಲು ಮೊದಲೋ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಕಾಕನನ್ನು ಮಾತ್ರ ಕೇಳಿದರು.