ಹೈಕಾನುಶ್ ಅಜ್ಜಿಯ ಬೀಗದಕೈ

ಹೈಕಾನುಶ್ ಅಜ್ಜಿ ಇಗರ್ಜಿಯ ನೆಲಕ್ಕೆ ಪೊರಕೆ ತಾಗಿಸುತ್ತಿರಲಿಲ್ಲ. ಧೂಳು ಎದ್ದರೆ ಗೋಡೆಯ ಸಂತರ ಮುಖದ ಮೇಲೆ ಹೋಗಿ ಕೂರುತ್ತದೆ ಎಂದು, ಎಪ್ಪತ್ಮೂರನೆಯ ವಯಸ್ಸಿನಲ್ಲೂ ಮೊಣಕಾಲೂರಿ, ಹೆಬ್ಬಾತಿನ ರೆಕ್ಕೆಯಿಂದ ಕಸವನ್ನು ಮೆಲ್ಲಗೆ ಬಾಗಿಲ ಕಡೆ ತಳ್ಳುತ್ತಿದ್ದರು. ಒಳಗೆ ಮೇಣದಬತ್ತಿ ಹಚ್ಚಲೂ ಯಾರನ್ನೂ ಬಿಡುತ್ತಿರಲಿಲ್ಲ. ಬತ್ತಿ ಊರಲು ಮರಳು ತುಂಬಿದ ತಗಡಿನ ತಟ್ಟೆ ಹೊಸ್ತಿಲಾಚೆ ಇರುತ್ತಿತ್ತು. ಗೊಣಗಿದವರಿಗೆ, "ಯಾಕೆ, ದೇವರಿಗೆ ಅಂಗಳ ಕಾಣಲ್ವಾ?" ಎನ್ನುತ್ತಿದ್ದರು.

ಎಂಟುನೂರು ವರ್ಷ ಹಳೆಯ ಆ ಗೋಡೆಚಿತ್ರಗಳ ಪಕ್ಕದಲ್ಲಿರುವ ಅಕ್ಷರ ನಮ್ಮದಲ್ಲ, ಗಡಿಯಾಚೆಯ ಜಾರ್ಜಿಯಾದ್ದು. ಬರೆಸಿದವರು ನಮ್ಮವರೋ ಜಾರ್ಜಿಯಾದವರೋ ಎಂದು ನಮ್ಮ ಲೋರಿ ಸೀಮೆಯ ಗಂಡಸರು ಇಂದಿಗೂ ವಾದ ಮಾಡುತ್ತಾರೆ. ಹೆಂಗಸರಿಗೆ ಅದು ಬೇಕಾಗಿಲ್ಲ. ಉತ್ತರದ ಗೋಡೆಯಲ್ಲಿ, ಕೈಗೆಟುಕುವ ಎತ್ತರದಲ್ಲಿ, ಹೆಸರು ಅಳಿಸಿಹೋದ ಒಬ್ಬ ಸಂತ ಸ್ತ್ರೀ ನಿಂತಿದ್ದಾಳೆ. ಅವಳಿಗೆ ಇವರು ಇಟ್ಟ ಹೆಸರು ನೀಲಿ ತಾಯಿ. ಮಗು ಹೆದರಿಕೊಂಡರೆ, ಜ್ವರ ಬಿಡದಿದ್ದರೆ, ಮಾತು ಬಾರದಿದ್ದರೆ ಅವಳ ಸೆರಗಿನ ನೀಲಿಯನ್ನು ಒಂದಿಷ್ಟು ಕೆರೆದು ನೀರಲ್ಲಿ ಕದಡಿ ಕುಡಿಸುವುದು ಇಲ್ಲಿಯ ರೂಢಿ. ಹಾಗೆ ಕೆರೆದು ಕೆರೆದು ಸೆರಗಿನ ಅಂಚು ಕಲ್ಲಿನವರೆಗೂ ಸವೆದಿದೆ.

ಅಜ್ಜಿಯೂ ಒಮ್ಮೆ ಕೆರೆದವರೇ. ಮಗಳು ಸಾತೆನಿಕ್‌ಗೆ ದಡಾರ ಬಂದು ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿದ್ದ ವರ್ಷ ಅದು. ಮಗಳು ಬದುಕಿದಳು. "ನೀಲಿ ಉಳಿಸ್ತೋ ಡಾಕ್ಟರ ಸೂಜಿ ಉಳಿಸ್ತೋ, ನಂಗೇನು ಗೊತ್ತು?" ಎಂದು ನನಗೆ ಹೇಳಿದ್ದರು. "ಎಳ್ಳಿನಷ್ಟು ತಗೊಂಡೆ. ಆಮೇಲೆ ಗೋಡೆ ನೋಡಿದ್ರೆ ಹೊಟ್ಟೆ ಉರೀತು. ಊರಲ್ಲಿರೋ ಮಕ್ಕಳಿಗೆಲ್ಲ ಎಳ್ಳಿನಷ್ಟು ಅಂದ್ರೆ ಅವಳ ಮೈಮೇಲೆ ಏನು ಉಳಿಯತ್ತೆ?" ಅಂದಿನಿಂದ ಬೀಗದಕೈ ಇಸಿದುಕೊಂಡು ಕೊರಳಿಗೆ ಕಟ್ಟಿಕೊಂಡರು. ನಲವತ್ತು ವರ್ಷದ ಮೇಲಾಯಿತು. ಅಷ್ಟು ವರ್ಷ ತಾಯಂದಿರನ್ನು ಒಳಗೆ ಬಿಟ್ಟು, ಯಾರೂ ಕೆರೆಯದಂತೆ ಅವರ ಕೈ ಮೇಲೆ ಕಣ್ಣಿಟ್ಟು ಹಿಂದೆಯೇ ನಿಂತರು. ಬೈಸಿಕೊಂಡರು. ಮಗು ತೀರಿಕೊಂಡ ಒಬ್ಬಳು ಇವರ ಬಾಗಿಲಿಗೆ ಮಣ್ಣೆರಚಿ ಹೋಗಿದ್ದಳಂತೆ.

ಪ್ರತಿ ಶರತ್ಕಾಲದಲ್ಲಿ ಪುರಾತತ್ವ ಇಲಾಖೆಯ ಲೆರ್ನಿಕ್ ಎಂಬ ಅಧಿಕಾರಿ ಕ್ಯಾಮೆರಾ, ಅಳತೆಕೋಲು ಹಿಡಿದು ಬಂದು ಗೋಡೆಯ ಫೋಟೋ ತೆಗೆದು ಹೋದ ವರ್ಷದ್ದರ ಜೊತೆ ಹೋಲಿಸುತ್ತಾನೆ. ಹೊಸ ಗೀರು ಒಂದು ಕಂಡರೂ ಬೀಗದಕೈ ಕೆಳಗಿನೂರಿನ ಕಚೇರಿಗೆ ಹೋಗುತ್ತದೆ ಎಂದು ಎರಡು ವರ್ಷದ ಹಿಂದೆಯೇ ಹೇಳಿದ್ದ. ಅಜ್ಜಿಗೆ ಇದ್ದದ್ದು ಅದೊಂದೇ ಭಯ.

ನಾನು ಯೆರೆವಾನ್‌ನಿಂದ ಈ ಊರಿಗೆ ಸೊಸೆಯಾಗಿ ಬಂದವಳು. ನನ್ನ ಮಗ ಮೆರುಜಾನ್‌ಗೆ ಮೂರು ತುಂಬಿತ್ತು, ಒಂದು ಮಾತೂ ಬಂದಿರಲಿಲ್ಲ. ನಗರದ ಡಾಕ್ಟರು ಕಾಯಿರಿ ಎಂದಿದ್ದರು. ನಮ್ಮತ್ತೆ ಆರುಸ್ಯಾಕ್ ಹಿಟ್ಟು ನಾದುತ್ತಾ ಅಂದರು: "ನಿಮ್ಮ ಡಾಕ್ಟರ್ ಕಾಯಲಿ, ಅವನದೇನು ಹೋಗತ್ತೆ? ಪಕ್ಕದ ಮನೆ ಹುಡುಗಿ ಆಗಲೇ ಪದ್ಯ ಹೇಳ್ತಾಳೆ. ನಮ್ಮದು ಕುರಿಮರಿ ಹಾಗೆ ನೋಡತ್ತೆ." ಆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ವಿಷ ಎಂದು ಓದಿದವಳು ನಾನು. ಆದರೂ ಮಗುವನ್ನು ಎತ್ತಿಕೊಂಡು ದಿನಾ ಇಗರ್ಜಿಗೆ ಹೋಗತೊಡಗಿದೆ.

ಒಂದು ಬೆಳಗ್ಗೆ ಅಜ್ಜಿಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು. ಬೀಗದಕೈಯನ್ನು ಕೊರಳಿಂದ ಬಿಚ್ಚಿ ನನ್ನ ಕೈಗೆ ಹಾಕಿದರು. "ಊರಲ್ಲಿ ಯಾರಿಗೂ ಕೊಟ್ಟಿಲ್ಲ, ನೂನೆ ಜಾನ್, ನನ್ನ ಬಂಗಾರ. ನೀನು ಓದಿದೋಳು, ಗೀರಲ್ಲ ಬಿಡು."

ಅವರು ಇಳಿಜಾರು ದಾಟುವ ಮೊದಲೇ ನಾನು ತಲೆಯ ಪಿನ್ನು ತೆಗೆದಿದ್ದೆ.

ಮನೆಯಲ್ಲಿ ಆ ನೀಲಿ ಚೂರುಗಳನ್ನು ನೀರಿಗೆ ಹಾಕಿದೆ. ಮಗ ಬಾಯಿ ತೆರೆದ. ಚಮಚ ತುಟಿಗೆ ತಾಗುವಷ್ಟರಲ್ಲಿ ಸೀಸದ ನೆನಪಾಗಿ ಕೈ ಹಿಂದೆಳೆದುಕೊಂಡೆ, ಎಲ್ಲವನ್ನೂ ಹಿಪ್ಪುನೇರಳೆ ಮರದ ಬುಡಕ್ಕೆ ಚೆಲ್ಲಿದೆ.

ಎಂಟನೆಯ ದಿನ ಲೆರ್ನಿಕ್ ಬಂದ. ನಾನೂ ಅಲ್ಲಿದ್ದೆ, ಮಗ ಕಂಕುಳಲ್ಲಿದ್ದ. ಅವನು ಎರಡು ಫೋಟೋ ಪಕ್ಕಪಕ್ಕ ಹಿಡಿದು, "ಅಜ್ಜಿ, ಇದು ಹೊಸದು. ಯಾರ ಕೆಲಸ?" ಎಂದ.

ಅಜ್ಜಿ ಬಗ್ಗಿ ನೋಡಿದರು. ಆಮೇಲೆ ತಿರುಗಿ ನನ್ನ ತಲೆಯ ಪಿನ್ನನ್ನು ನೋಡಿದರು, ನನ್ನನ್ನಲ್ಲ. ಹೇಳುವುದಕ್ಕೆ ನನಗೆ ಸಾಕಷ್ಟು ಹೊತ್ತಿತ್ತು. ನಾನು ಮಗನ ಟೋಪಿ ಸರಿಮಾಡುತ್ತಾ ನಿಂತೆ.

"ಬೀಗದಕೈ ನನ್ನ ಕೊರಳಲ್ಲಿತ್ತು. ನಂದೇ ಅಂತ ಬರ್ಕೊಳಪ್ಪ," ಎಂದರು ಅಜ್ಜಿ.

"ಯಾರನ್ನೋ ಮುಚ್ಚಿಡ್ತಿದ್ದೀರಿ."

"ಈ ವಯಸ್ಸಲ್ಲಿ ಮುಚ್ಚಿಡೋದಕ್ಕೆ ನನ್ನ ಹತ್ರ ಇನ್ನೇನಿದೆ? ಬರ್ಕೋ."

ಅಂದೇ ಹೊಸ ಬೀಗ ಬಿತ್ತು.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ತಪ್ಪು ನನ್ನದೆಂದು ಕಚೇರಿಗೆ ಒಂದು ಕಾಗದ ಬರೆದು ಅಜ್ಜಿಯ ಮನೆಗೆ ಒಯ್ದೆ. ಅವರು ಬೀನ್ಸ್ ಬಿಡಿಸುತ್ತಿದ್ದರು. ಕೂರು ಎನ್ನಲಿಲ್ಲ.

"ಕುಡಿಸಿದ್ಯಾ?"

"ಇಲ್ಲ ಅಜ್ಜಿ. ಹೆದರಿಕೆ ಆಯ್ತು. ಚೆಲ್ಲಿಬಿಟ್ಟೆ."

ಅವರ ಕೈ ನಿಂತಿತು. "ಕುಡಿಸಿದ್ರೆ ಒಂದು ಮಾತೂ ಆಡ್ತಿರಲಿಲ್ಲ ಕಣೆ. ಹೆತ್ತ ಕರುಳಿನ ಸಂಕಟ ಅಂದ್ಕೊಳ್ತಿದ್ದೆ. ಮಗೂಗೂ ಇಲ್ಲ, ಗೋಡೆಗೂ ಇಲ್ಲ. ಮರದ ಬುಡಕ್ಕೆ ಹಾಕೋಕೆ ಕೆರೆದ್ಯಾ?"

ಕಾಗದ ಕೊಟ್ಟೆ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

"ಇದರ ತುಂಬ ನನ್ನ ಹೊಗಳಿಕೆ, ನಿನ್ನ ಅಳು. ಇದನ್ನ ಓದಿ ಆ ಲೆರ್ನಿಕ್ ಏನ್ಮಾಡ್ತಾನೆ? ಪಿನ್ನು ಅಂತ ಬರಿ. ನೀಲಿ ತಾಯಿಯ ಎಡಗಾಲಿನ ಬೆರಳಿಂದ ಎಷ್ಟು ಮೇಲೆ, ಎಷ್ಟು ಆಳ ಹೋಯ್ತು, ಪುಡಿ ಉದುರ್ತೋ ಚಕ್ಕೆ ಎದ್ದು ಬಂತೋ, ಅದನ್ನ ಬರಿ. ರಿಪೇರಿ ಮಾಡೋರಿಗೆ ಅದು ಬೇಕು."

ಅಲ್ಲೇ ನಿಂತು, ಗೋಡೆಗೊರಗಿ, ಮತ್ತೆ ಬರೆದೆ. ಚಕ್ಕೆ ಎದ್ದು ಬಂದಿತ್ತು. ಬಸ್ಸಿನ ಚಾಲಕನ ಕೈಯಲ್ಲಿ ಕಾಗದ ಹೋಯಿತು. ಸಂಜೆಯೊಳಗೆ ನಮ್ಮತ್ತೆಗೂ ಸುದ್ದಿ ಮುಟ್ಟಿತ್ತು.

ತಿಂಗಳ ಮೇಲೆ ಉತ್ತರ ಬಂತು. ವಸಂತದಲ್ಲಿ ಚಿತ್ರ ಸರಿಪಡಿಸುವವರು ಬರುತ್ತಾರಂತೆ. ಬೀಗದಕೈ ಕಚೇರಿಯಲ್ಲೇ ಇರುತ್ತದಂತೆ. ಓದಿ ಹೇಳಿದಾಗ ಅಜ್ಜಿ, "ವಸಂತ ಅಂದ್ರೆ ಹಿಮ ಕರಗಿ ಗೋಡೆ ಬೆವರೋ ಕಾಲ. ಆಗ ಮುಟ್ಟಬಾರದು ಅಂತ ಅವರಿಗೆ ಹೇಳೋರ್ಯಾರು?" ಎಂದರು. ಮತ್ತೆ ನನ್ನ ಕಡೆ ನೋಡದೆಯೇ, "ನೀನು ಕಾಫಿಗೆ ಅಂತ ಬರಬೇಡ. ನಿನ್ನ ಮುಖ ನೋಡೋಕೆ ನಂಗೆ ಇನ್ನೂ ಆಗ್ತಿಲ್ಲ. ಮಗೂನ ಬೇಕಾದ್ರೆ ಬಿಟ್ಟು ಹೋಗು," ಎಂದರು.

ದಿನಾ ಹತ್ತು ಗಂಟೆಗೆ ಮೆರುಜಾನ್‌ನನ್ನು ಅವರ ಗೇಟಿನೊಳಗೆ ಬಿಟ್ಟು, ಬೇಲಿಯ ಈಚೆ ನಿಲ್ಲುತ್ತೇನೆ. ಅಜ್ಜಿ ಬೀನ್ಸ್ ಬಿಡಿಸುತ್ತಾ ಯಾವ ಸಂತನ ಗಡ್ಡ ಯಾವ ಬಣ್ಣ, ಯಾರ ಕೈ ಉದುರಿದೆ ಎಂದು ಅವನಿಗೆ ಒಂದೊಂದಾಗಿ ಹೇಳುತ್ತಿರುತ್ತಾರೆ. ಅವನ ದನಿ ಇನ್ನೂ ಕೇಳಿಲ್ಲ. ಕರೆಯಲು ಹೋದಾಗ ಮಾತ್ರ ಬರಲು ಒಪ್ಪದೆ ಅವರ ಲಂಗವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಾನೆ.