ಜಲಾಂತರ್ಗಾಮಿಯೊಳಗಿನ ಹದಿಮೂರನೆಯವನು

ದೆವ್ವದ ಕಥೆ ಅಂದರೆ ನಾನು ನಗುತ್ತಿದ್ದವನು. ಈಗಲೂ ಯಾರಾದರೂ ಅಂಥದ್ದನ್ನು ಶುರುಮಾಡಿದರೆ ಚಹಾ ಮಾಡುವ ನೆಪದಲ್ಲಿ ಎದ್ದುಹೋಗುತ್ತೇನೆ. ಹಾಗಾಗಿ ನಾನು ಹೇಳುವುದನ್ನು ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ಆದರೆ ಅವತ್ತು ನನಗೆ ಬಂದ ಸಿಟ್ಟು ಪೂರ್ತಿ ನಿಜ. ಅದು ಇನ್ನೂ ಇಳಿದಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಡರ್ಬಿಯಲ್ಲಿ ಸಾಫ್ಟ್‌ವೇರ್ ಕಾಂಟ್ರಾಕ್ಟರ್ ಆಗಿದ್ದೆ. ಊರು ಹೊನ್ನಾವರದ ಕಡೆ. ನನ್ನ ಅಮ್ಮನ ಅಪ್ಪ ಬ್ರಿಟಿಷರ ಸರಕು ಹಡಗಿನಲ್ಲಿ ಖಲಾಸಿ. ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ. ಯುದ್ಧದ ಕಾಲದಲ್ಲಿ ಮುಂಬಯಿಯಿಂದ ಹೊರಟವನು ತಿರುಗಿ ಬರಲಿಲ್ಲ. ಆಗ ಅಮ್ಮ ಇನ್ನೂ ಅಜ್ಜಿಯ ಹೊಟ್ಟೆಯಲ್ಲಿದ್ದಳು. ಸತ್ತನೆಂದು ಯಾರೂ ಒಂದು ಕಾಗದ ಕೂಡ ಹಾಕಲಿಲ್ಲ. ಸುದ್ದಿಯೇ ಇಲ್ಲದೆ ಕುಂಕುಮ ಅಳಿಸುವುದು ಹೇಗೆ? ಅಜ್ಜಿ ಸಾಯುವ ದಿನದವರೆಗೂ ಕುಂಕುಮ ಇಟ್ಟಳು, ಬಳೆ ತೊಟ್ಟಳು, ಮುತ್ತೈದೆಯಾಗಿಯೇ ಹೋದಳು. ಅಜ್ಜನ ಶ್ರಾದ್ಧ ಮಾಡಲು ತಿಥಿ ಗೊತ್ತಿಲ್ಲ. ಗಂಡುಮಕ್ಕಳಿಲ್ಲದ್ದರಿಂದ ಮಾಡಬೇಕಾದವನು ಮಗಳ ಮಗನಾದ ನಾನು. ಇಂಗ್ಲೆಂಡಿಗೆ ಹೊರಟಾಗ ಅಮ್ಮ ಕೇಳಿದ್ದು ಒಂದೇ: "ಅಲ್ಲಿ ಎಲ್ಲಾ ಬರ್ದಿಟ್ಕಂಡಿರ್ತಾರಂತೆ ತಮಾ. ಅಪ್ಪ ಹೋದ ದಿನ ಯಾವ್ದು ಅಂತ ಕೇಳ್ಕಂಡು ಬಾ."

ನಿಜ, ಬರೆದಿಟ್ಟುಕೊಂಡಿದ್ದರು. ಅಜ್ಜ ಕೊನೆಗೆ ಬರೆಸಿದ ಕಾಗದದಲ್ಲಿ ಹಡಗಿನ ಹೆಸರಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಅದನ್ನು ಮುಳುಗಿಸಿದ್ದು ಜರ್ಮನಿಯ ಒಂದು ಜಲಾಂತರ್ಗಾಮಿ ಎಂದು ಸಿಕ್ಕಿತು. ಆ ಜಲಾಂತರ್ಗಾಮಿಯೂ ಯುದ್ಧದ ಕೊನೆಯಲ್ಲಿ ವಿಮಾನದ ಬಾಂಬಿಗೆ ಮುಳುಗಿ, ಎಷ್ಟೋ ವರ್ಷ ಕಡಲ ತಳದಲ್ಲಿ ಬಿದ್ದಿತ್ತು. ಅದನ್ನು ಮೇಲೆತ್ತಿ, ಮ್ಯಾಂಚೆಸ್ಟರಿನ ಆಚೆ ಒಂದು ಹಳೆಯ ಹಡಗುಕಟ್ಟೆಯಲ್ಲಿ ನಿಲ್ಲಿಸಿ, ಟಿಕೆಟ್ ಇಟ್ಟು ತೋರಿಸುತ್ತಿದ್ದರು. ಜಾಗದ ಹೆಸರು ಬೇಡ.

ಒಂದು ಶನಿವಾರ ಮಧ್ಯಾಹ್ನ ಸತೀಶನ ಕಾರಿನಲ್ಲಿ ಹೋದೆವು. ಸತೀಶ ಬೆಂಗಳೂರಿನವನು, ನನ್ನದೇ ಆಫೀಸು. ಟಿಕೆಟ್ ಕೊಡುವಲ್ಲಿ ಜಲಾಂತರ್ಗಾಮಿಯ ಸೇವಾ ಚರಿತ್ರೆಯನ್ನು ಗೋಡೆಯುದ್ದಕ್ಕೂ ಹಾಕಿದ್ದರು. ಎಲ್ಲಿ ಕಟ್ಟಿದ್ದು, ಎಷ್ಟು ಸಲ ಬೇಟೆಗೆ ಇಳಿದದ್ದು, ಯಾವ ಹಡಗಿಗೆ ಎಷ್ಟು ಟಾರ್ಪೆಡೊ ಬಿಟ್ಟದ್ದು, ಕ್ಯಾಪ್ಟನ್ನನಿಗೆ ಸಿಕ್ಕ ಪದಕ, ಎಲ್ಲವೂ ಇತ್ತು. ಒಳಗೆ ಸಾಕಿದ್ದ ಬೆಕ್ಕಿನ ಫೋಟೊ ಕೂಡ ಇತ್ತು, ಕೆಳಗೆ ಅದರ ಹೆಸರು: ಪೀಟರ್. ಮೂರನೆಯ ಯಾತ್ರೆಯ ಪಟ್ಟಿಯಲ್ಲಿ ಅಜ್ಜನ ಹಡಗಿನ ಹೆಸರು ಸಿಕ್ಕಿತು, ತಾರೀಖಿನ ಸಮೇತ. ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರುಗಳು ಒಂದರ ಕೆಳಗೊಂದು. ಕೊನೆಗೆ, "ಹಾಗೂ ಭಾರತೀಯ ಖಲಾಸಿಗಳು." ಅದರ ಕೆಳಗೆ ಇನ್ನೊಂದು ಸಾಲು: ನೀರಿನಿಂದ ಎತ್ತಿಕೊಂಡ ಒಬ್ಬ ಖಲಾಸಿ ಮೂರನೆಯ ದಿನ ಜಲಾಂತರ್ಗಾಮಿಯೊಳಗೇ ತೀರಿಕೊಂಡ.

ನನಗೆ ಮೈಯೆಲ್ಲ ಉರಿದುಹೋಯಿತು. ಬೆಕ್ಕಿಗೆ ಹೆಸರಿದೆ, ಮನುಷ್ಯನಿಗಿಲ್ಲ! ಮೂರು ದಿನ ಅವನ ಜೊತೆ ಇದ್ದವರು, ಏನಪ್ಪಾ ನಿನ್ನ ಹೆಸರು ಅಂತ ಒಂದು ಮಾತು ಕೇಳಲಿಲ್ಲವೇ? ಅವನೇ ನನ್ನ ಅಜ್ಜನಾಗಿದ್ದರೆ ತಿಥಿ ಒಂದು, ಹಡಗಿನ ಜೊತೆ ಮುಳುಗಿದ್ದರೆ ತಿಥಿ ಇನ್ನೊಂದು. ಆ ಖಲಾಸಿಯ ಹೆಸರೇನೆಂದು ಗೈಡನನ್ನು ಕೇಳಿದೆ. ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತನಾದ ಬಿಳಿ ಮೀಸೆಯ ಮುದುಕ. "ಅವರ ಹೆಸರೆಲ್ಲ ಯಾರು ಇಟ್ಟುಕೊಳ್ಳುತ್ತಾರೆ ಮಗಾ," ಎಂದು ಮೆತ್ತಗೆ ಹೇಳಿ ಬೆನ್ನು ತಟ್ಟಿದ. ಆ ತಟ್ಟಿದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಒಳಗೆ ಒಂದು ಸಲಕ್ಕೆ ಹನ್ನೆರಡೇ ಜನ ಎಂದು ನಿಯಮ. ಯಾರೂ ಒಳಗೆ ಉಳಿಯಬಾರದೆಂದು ಗೈಡ್ ಏಣಿಯ ಬಳಿ ತಲೆ ಎಣಿಸಿ ಇಳಿಸುತ್ತಿದ್ದ, ಪ್ರತಿ ಕೋಣೆಯಲ್ಲೂ ಭುಜ ಮುಟ್ಟಿ ಮತ್ತೆ ಎಣಿಸುತ್ತಿದ್ದ. ಕೊನೆಯ ಕೋಣೆಗೆ ಬಂದಾಗ ಹದಿಮೂರು ಆಯಿತು. ಹುಬ್ಬು ಗಂಟಿಕ್ಕಿ ಮತ್ತೆ ಎಣಿಸಿದ. ಮತ್ತೂ ಹದಿಮೂರು. ಟಿಕೆಟ್ ಇಲ್ಲದೆ ಯಾರು ನುಗ್ಗಿದ್ದು ಎಂದು ಗದರಿದ.

"ತನ್ನನ್ನೂ ಸೇರಿಸ್ಕೊಂಡಿದ್ದಾನೆ ಕಣೋ," ಎಂದು ಸತೀಶ ಪಿಸುಗುಟ್ಟಿದ. "ನಮ್ ಜೂನಿಯರ್ಸ್ ಕೋಡ್‌ನಲ್ಲಿ ದಿನಾ ಮಾಡೋ ಮಿಸ್ಟೇಕೇ ಇದು."

ಒಬ್ಬೊಬ್ಬರಾಗಿ ನಿಮ್ಮ ನಂಬರ್ ಕೂಗಿ ಎಂದ ಗೈಡ್. ಮುಂದಿನಿಂದ ಶುರುವಾಯಿತು. ಸತೀಶ ಹನ್ನೊಂದು. ಕೊನೆಯವನು ನಾನು. ನನ್ನ ಬೆನ್ನ ಹಿಂದೆ ಒಂದು ಮೊಳದಷ್ಟು ಜಾಗ, ಆಮೇಲೆ ಕಬ್ಬಿಣದ ಗೋಡೆ. "ಟ್ವೆಲ್ವ್," ಎಂದೆ.

"ಹದಿಮೂರು."

ನನ್ನ ಕಿವಿಯ ಹತ್ತಿರವೇ ಕೇಳಿಸಿತು. ಭಯಪಡಿಸುವ ದನಿಯಲ್ಲ. ದುಡಿದು ದಣಿದವನು ಹಾಜರಿ ಹೇಳಿದ ಹಾಗಿತ್ತು. ಒಂದೇ ಪದದಲ್ಲಿ ಊರು ಗೊತ್ತಾಗುತ್ತದೆಯೇ ಎಂದು ನೀವು ಕೇಳಬಹುದು. ನನಗೆ ಗೊತ್ತಾಯಿತು, ಅದು ನಮ್ಮ ಕಡೆಯ ದನಿ.

ಗೈಡ್ ನನ್ನ ಮೇಲೆ ಹರಿಹಾಯ್ದ. ಸತ್ತವರ ಜಾಗದಲ್ಲಿ ತಮಾಷೆ ಮಾಡಲು ನಾಚಿಕೆಯಾಗುವುದಿಲ್ಲವೇ ಎಂದ. ಸತೀಶ ನನ್ನ ತೋಳು ಹಿಡಿದು, "ಏನೋ ಇದು, ಕನ್ನಡದಲ್ಲಿ ಕೂಗಿ ಕಾಮಿಡಿ ಮಾಡ್ತೀಯಾ?" ಎಂದ. ನಾನಲ್ಲ ಎಂದೆ. ಅವನು ನನ್ನ ಹಿಂದಿನ ಗೋಡೆ ನೋಡಿದವನೇ ಎಲ್ಲರನ್ನೂ ದಾಟಿಕೊಂಡು ಏಣಿಯ ಕಡೆ ಹೋದ.

ಹೊರಗೆ ಬಂದದ್ದು ಹನ್ನೆರಡು ಜನ. ಗೈಡ್ ಮುಚ್ಚಳ ಎಳೆದು ಬೀಗ ಹಾಕಿದ. ನೀವೇ ಎರಡು ಸಲ ಹದಿಮೂರು ಎಣಿಸಿದಿರಲ್ಲ, ಇನ್ನೊಬ್ಬ ಎಲ್ಲಿ ಎಂದು ಕೇಳಿದೆ. "ಇಳಿದವರು ಹನ್ನೆರಡು, ಹತ್ತಿದವರು ಹನ್ನೆರಡು. ಲೆಕ್ಕ ಸರಿಯಾಗಿದೆ," ಎಂದ. ನಿಮ್ಮ ಲೆಕ್ಕ ಯಾವತ್ತು ತಪ್ಪಿದೆ, ನಮ್ಮವರನ್ನು ಎಣಿಸಿದರೆ ತಾನೇ ತಪ್ಪುವುದು ಎಂದು ಕಿರುಚಿದೆ. ಇನ್ನೂ ಏನೇನೋ ಅಂದೆ. ಜನ ಮಕ್ಕಳನ್ನು ಹತ್ತಿರ ಎಳೆದುಕೊಂಡರು.

ಆಮೇಲೆ ಆಡಳಿತದವರಿಗೆ ಮೂರು ಪತ್ರ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ಮೃತನ ಹೆಸರಿಗೆ ಕುಟುಂಬದವರು ದಾಖಲೆ ಒದಗಿಸಿದರೆ ಪರಿಶೀಲಿಸುತ್ತೇವೆ. ದಾಖಲೆ ನಾವು ಕೊಡಬೇಕಂತೆ! ಆ ಉತ್ತರವನ್ನು ಅಲ್ಲೇ ಹರಿದುಹಾಕಿದೆ.

ಆ ದನಿ ಒಳಗಿನ ಕೊಳವೆಗಳ ಪ್ರತಿಧ್ವನಿಯೇ? ಸಿಟ್ಟಿನಲ್ಲಿ ನನ್ನ ಬಾಯಿಂದಲೇ ಬಂತೇ? ಹಾಗಾದರೆ ಗೈಡ್ ಅದಕ್ಕೂ ಮೊದಲೇ ಎರಡು ಸಲ ಮುಟ್ಟಿ ಎಣಿಸಿದ ಹದಿಮೂರನೆಯ ಭುಜ ಯಾರದು? ಸತೀಶ ಈಗಲೂ ದನಿ ಕೇಳಿಸಿದ್ದು ಹೌದು ಎನ್ನುತ್ತಾನೆ, ಆದರೆ ಆ ವಿಷಯ ಬೇಡ ಎನ್ನುತ್ತಾನೆ.

ಮುಂದಿನ ರಜೆಗೆ ಊರಿಗೆ ಹೋದಾಗ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಮೆಟ್ಟುಕತ್ತಿಯ ಮುಂದೆ ಕೂತು ಬಂಗಡೆ ಮೀನು ಹೆಚ್ಚುತ್ತಿದ್ದಳು. ಬೆಕ್ಕಿನ ಹೆಸರು, ಆ ಗೋಡೆ, ಆ ಗೈಡು, ಆ ಪತ್ರ, ಮೂರು ದಿನ ಇಟ್ಟುಕೊಂಡೂ ಹೆಸರು ಕೇಳದ ಆ ಜರ್ಮನ್ನರು, ಒಬ್ಬರನ್ನೂ ಬಿಡದೆ ಬೈದೆ. ಅಮ್ಮ ಹೆಚ್ಚುವುದನ್ನು ಮುಗಿಸಿದಳು. ಕೊನೆಗೆ ಕೈ ತೊಳೆದುಕೊಂಡು ನನ್ನ ಮುಖ ನೋಡಿದಳು.

"ಅವ್ರು ಬಿಡು, ಪರದೇಶದವ್ರು. ನಿನ್ನ ಬೆನ್ನಿಗೇ ನಿಂತಿದ್ನಲ ತಮಾ. ನೀನಾದ್ರೂ ಹೆಸ್ರು ಕೇಳ್ಲಿಲ್ವಾ?"

ನಾನು ಕೇಳಿರಲಿಲ್ಲ.